ಘಾಟಿ ಇಳಿಯುವ ಮುನ್ನ ಲಾರಿ, ಬಸ್ಸಿನ ಸುತ್ತ ಒಂದು ಸುತ್ತು: ಏನು ನೋಡಬೇಕು, ಹೇಗೆ ನೋಡಬೇಕು?

ಶಿವಮೊಗ್ಗದಿಂದ ಕರಾವಳಿಗೆ ಹೋಗುವ ಯಾವ ಲಾರಿಗೂ, ಯಾವ ಬಸ್ಸಿಗೂ ಘಾಟಿ ತಪ್ಪಿದ್ದಲ್ಲ. ತೀರ್ಥಹಳ್ಳಿ ಮೇಲೆ ಹೋದರೆ ಆಗುಂಬೆ, ಹೊಸನಗರದ ಮೇಲೆ ಹೋದರೆ ಹುಲಿಕಲ್, ನಿಟ್ಟೂರಿನ ಮೇಲೆ ಹೋದರೆ ಕೊಲ್ಲೂರು. ಆಗುಂಬೆ ಸಮುದ್ರಮಟ್ಟದಿಂದ ಸುಮಾರು 640 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ 14 ಹೇರ್‌ಪಿನ್ ತಿರುವು ಇಳಿದು ಸೋಮೇಶ್ವರ ಮುಟ್ಟಬೇಕು. ಬಯಲುಸೀಮೆಯಲ್ಲಿ ಬ್ರೇಕ್ ಕೈಕೊಟ್ಟರೆ ಗಾಡಿಯನ್ನು ಹೊಲಕ್ಕಾದರೂ ಇಳಿಸಬಹುದು. ಇಲ್ಲಿ ಒಂದು ಕಡೆ ಧರೆ, ಇನ್ನೊಂದು ಕಡೆ ಪ್ರಪಾತ. ಅದಕ್ಕೇ ಗಾಡಿಯ ದೋಷ ಸ್ಟ್ಯಾಂಡಿನಲ್ಲೇ ಸಿಗಬೇಕು, ತಿರುವಿನಲ್ಲಿ ಅಲ್ಲ.

ಇದಕ್ಕೆ ಗ್ಯಾರೇಜು ಬೇಡ, ದುಬಾರಿ ಸಾಮಾನೂ ಬೇಡ. ಒಂದು ಟಾರ್ಚು, ಒಂದು ಕಬ್ಬಿಣದ ರಾಡು, ಗಾಳಿ ನೋಡುವ ಗೇಜು, ಹದಿನೈದು ನಿಮಿಷ ಸಾಕು. ದಿನವೂ ಒಂದೇ ಕ್ರಮದಲ್ಲಿ ನೋಡುವುದು ಮುಖ್ಯ. ಕ್ರಮ ಬದಲಾದರೆ ಏನಾದರೂ ಒಂದು ಬಿಟ್ಟೇ ಹೋಗುತ್ತದೆ.

ಮೊದಲು ದಾರಿ ವಿಚಾರಿಸಿ. ಮಳೆಗಾಲದಲ್ಲಿ ಧರೆ ಕುಸಿದರೆ ಅಥವಾ ರಸ್ತೆ ಬಿರುಕು ಬಿಟ್ಟರೆ ಘಾಟಿಯಲ್ಲಿ ಭಾರಿ ವಾಹನಗಳಿಗೆ ಜಿಲ್ಲಾಡಳಿತ ನಿರ್ಬಂಧ ಹಾಕುತ್ತದೆ. ಲೋಡ್ ಹೊತ್ತು ಆಗುಂಬೆವರೆಗೆ ಹೋಗಿ ವಾಪಸ್ ಬರುವುದು ಯಾರಿಗೆ ಬೇಕು? ಹೊರಡುವ ಮೊದಲು ಒಂದು ಫೋನ್ ಮಾಡಿದರೆ ಗೊತ್ತಾಗುತ್ತದೆ.

ನೆಲ ನೋಡಿ, ಆಮೇಲೆ ಗಾಡಿ

ರಾತ್ರಿ ನಿಂತ ಗಾಡಿಯ ಕೆಳಗೆ ಬಗ್ಗಿ ಟಾರ್ಚ್ ಬಿಡಿ. ಕಪ್ಪಗೆ ತೊಟ್ಟಿಕ್ಕಿದ್ದರೆ ಎಂಜಿನ್ ಆಯಿಲ್. ಬಣ್ಣದ ನೀರಿದ್ದರೆ ಕೂಲಂಟ್. ಡೀಸೆಲ್ ಆದರೆ ವಾಸನೆಯೇ ಹೇಳುತ್ತದೆ. ಗಾಲಿಯ ಒಳಬದಿಯಲ್ಲಿ ಎಣ್ಣೆ ಇಳಿದ ಗುರುತಿದ್ದರೆ ಹುಷಾರಾಗಿ. ಅದು ಹಬ್‌ನ (ಗಾಲಿಯ ನಡುಭಾಗದ) ಸೀಲ್ ಹೋದ ಸೂಚನೆ. ಆ ಎಣ್ಣೆ ಬ್ರೇಕ್ ಲೈನರ್ (ಡ್ರಮ್ಮಿಗೆ ಒತ್ತಿ ಗಾಲಿ ನಿಲ್ಲಿಸುವ ಪಟ್ಟಿ) ಮೇಲೆ ಬಿದ್ದರೆ ಆ ಗಾಲಿಗೆ ಬ್ರೇಕ್ ಹಿಡಿಯುವುದಿಲ್ಲ.

ಎಂಜಿನ್ ತಣ್ಣಗಿರುವಾಗಲೇ ಆಯಿಲ್, ಕೂಲಂಟ್, ಫ್ಯಾನ್ ಬೆಲ್ಟ್ ನೋಡಿಬಿಡಿ. ಬಿಸಿ ರೇಡಿಯೇಟರ್ ಮುಚ್ಚಳ ಮಾತ್ರ ಯಾವತ್ತೂ ತೆಗೆಯಬೇಡಿ. ಬಿಎಸ್6 (ಹೊಗೆ ಮಿತಿಯ ಹೊಸ ನಿಯಮದ) ಗಾಡಿಯಾದರೆ ಹೊಗೆ ಶುದ್ಧ ಮಾಡುವ ಯೂರಿಯಾ ದ್ರಾವಣ ಎಷ್ಟಿದೆ ನೋಡಿ. ಅದು ಖಾಲಿಯಾದರೆ ಎಂಜಿನ್ ತಾನಾಗಿಯೇ ಶಕ್ತಿ ಕಮ್ಮಿ ಮಾಡಿಕೊಳ್ಳುತ್ತದೆ. ಲೋಡ್ ಸಮೇತ ಏರಿನ ಮಧ್ಯೆ ಹೀಗಾದರೆ ಹಿಂದೆ ಬರುವ ಬಸ್ಸುಗಳೆಲ್ಲ ಸಾಲುಗಟ್ಟಿ ನಿಲ್ಲಬೇಕಾಗುತ್ತದೆ.

ಟೈರಿಗೆ ಆತುರ ಬೇಡ

ಡ್ರೈವರ್ ಬಾಗಿಲಿನಿಂದ ಹೊರಟು ಗಾಡಿಯನ್ನು ಒಂದು ಸುತ್ತು ಹಾಕಿ. ಪ್ರತಿ ಗಾಲಿಯ ಹತ್ತಿರವೂ ನಿಲ್ಲಿ.

ಕಾನೂನಿನ ಪ್ರಕಾರ ದೊಡ್ಡ ವಾಹನದ ಟೈರಿನ ಗೀರು ಕನಿಷ್ಠ 1.6 ಮಿಲಿ ಮೀಟರ್ ಆಳ ಇರಬೇಕು. ಗೀರುಗಳ ನಡುವೆ ಸಣ್ಣ ಉಬ್ಬು ಇರುತ್ತದೆ. ಟೈರು ಸವೆದು ಆ ಉಬ್ಬಿನ ಮಟ್ಟಕ್ಕೆ ಬಂತು ಅಂದರೆ ಅದರ ಆಯಸ್ಸು ಮುಗಿಯಿತು. ನನ್ನನ್ನು ಕೇಳಿದರೆ ಮಲೆನಾಡಿನಲ್ಲಿ ಅಲ್ಲಿಯವರೆಗೂ ಕಾಯಬಾರದು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿ ಮೀಟರ್‌ಗೂ ಜಾಸ್ತಿ ಮಳೆ ಸುರಿಯುತ್ತದೆ. ರಸ್ತೆಯ ನೀರನ್ನು ಆಚೆ ತಳ್ಳುವುದು ಟೈರಿನ ಗೀರುಗಳೇ. ಮುಂದಿನ ಗಾಲಿಗೆ ರಿಸೋಲ್ ಟೈರ್ (ಸವೆದದ್ದಕ್ಕೆ ಹೊಸ ರಬ್ಬರ್ ಹಚ್ಚಿದ್ದು) ಹಾಕಲೇಬೇಡಿ. ಹಿಂದೆ ಒಂದು ಟೈರ್ ಒಡೆದರೆ ಜೋಡಿ ಟೈರ್ ತಡೆದೀತು. ಮುಂದೆ ಒಡೆದರೆ ಸ್ಟೇರಿಂಗ್ ಕೈಯಲ್ಲಿ ನಿಲ್ಲುವುದಿಲ್ಲ.

ಜೋಡಿ ಗಾಲಿಯಲ್ಲಿ ಒಳಗಿನ ಟೈರ್ ಪಂಚರ್ ಆಗಿದ್ದರೂ ಕಣ್ಣಿಗೆ ಕಾಣುವುದಿಲ್ಲ. ಹೊರಗಿನದು ಇಡೀ ಭಾರ ಹೊತ್ತು ನಿಂತಿರುತ್ತದೆ. ರಾಡಿನಿಂದ ಎರಡನ್ನೂ ಬಡಿದು ನೋಡಿ. ಗಾಳಿ ಇರುವ ಟೈರ್ ಟಣ್ ಅಂತ ರಾಡನ್ನು ವಾಪಸ್ ಎಸೆಯುತ್ತದೆ, ಇಲ್ಲದ್ದು ದಬ್ ಅಂತ ಸುಮ್ಮನಾಗುತ್ತದೆ. ಎಷ್ಟು ಗಾಳಿ ಇದೆ ಎಂದು ಬಡಿತದಿಂದ ತಿಳಿಯುವುದಿಲ್ಲ, ಅದಕ್ಕೆ ಗೇಜೇ ಬೇಕು. ಅದೂ ಟೈರ್ ತಣ್ಣಗಿರುವಾಗ. ಗಾಳಿ ಕಮ್ಮಿಯಾದ ಟೈರ್ ಓಡುತ್ತಾ ಓಡುತ್ತಾ ಕಾದು ಬೆಂಕಿ ಹತ್ತಿಕೊಳ್ಳುವುದೂ ಉಂಟು. ಕಲ್ಲು ಕ್ವಾರಿ, ತೋಟದ ದಾರಿಯಲ್ಲಿ ಹೋಗಿ ಬಂದ ಗಾಡಿಯಾದರೆ ಜೋಡಿ ಟೈರಿನ ನಡುವೆ ಕಲ್ಲು ಸಿಕ್ಕಿಕೊಂಡಿದೆಯಾ ನೋಡಿ. ಅದು ಟೈರಿನ ಪಕ್ಕೆ ಕೊರೆಯುತ್ತದೆ. ವೇಗದಲ್ಲಿ ಹಾರಿದರೆ ಹಿಂದೆ ಬರುವವರ ತಲೆಗೇ ಬಡಿಯುತ್ತದೆ.

ಗಾಲಿಯ ನಟ್ಟುಗಳನ್ನು ಕೈಯಲ್ಲಿ ಮುಟ್ಟಿ ನೋಡಿ. ನಟ್ಟಿನ ಬುಡದಿಂದ ತುಕ್ಕಿನ ಗೆರೆ ಹೊರಗೆ ಇಳಿದಿದ್ದರೆ ಅದು ಸಡಿಲವಾಗಿದೆ ಎಂದರ್ಥ. ಟೈರ್ ಬದಲಿಸಿದ ಮೇಲೆ 50ರಿಂದ 100 ಕಿಲೋ ಮೀಟರ್ ಓಡಿಸಿ ಮತ್ತೊಮ್ಮೆ ಟೈಟ್ ಮಾಡಲೇಬೇಕು. ಅಲ್ಲೇ ಬಗ್ಗಿ ಸ್ಪ್ರಿಂಗ್ ಪ್ಲೇಟ್ ತುಂಡಾಗಿದೆಯಾ, ಯು ಬೋಲ್ಟ್ ಸಡಿಲವಾಗಿದೆಯಾ ಅಂತಲೂ ನೋಡಿಬಿಡಿ. ಗಾಡಿ ಒಂದು ಪಕ್ಕಕ್ಕೆ ವಾಲಿ ನಿಂತಿದ್ದರೆ ಕಾರಣ ಹೆಚ್ಚಾಗಿ ಅಲ್ಲೇ ಇರುತ್ತದೆ.

ಲೈಟು, ಕನ್ನಡಿ, ವೈಪರ್

ಬ್ರೇಕ್ ಲೈಟ್ ನೋಡಲು ಕ್ಲೀನರ್ ಇಲ್ಲದಿದ್ದರೆ ಗಾಡಿಯ ಹಿಂಭಾಗವನ್ನು ಗೋಡೆಯ ಕಡೆ ನಿಲ್ಲಿಸಿ ಬ್ರೇಕ್ ತುಳಿಯಿರಿ. ಕೆಂಪು ಬೆಳಕು ಗೋಡೆಯ ಮೇಲೆ ಬಿದ್ದದ್ದು ಕನ್ನಡಿಯಲ್ಲಿ ಕಾಣುತ್ತದೆ. ಕೆಸರು ಮೆತ್ತಿದ ಲೈಟು ಇದ್ದೂ ಇಲ್ಲದ ಹಾಗೆ, ಹಳೆ ಬಟ್ಟೆಯಲ್ಲಿ ಒರೆಸಿ. ಪ್ರತಿಫಲಿಸುವ ಪಟ್ಟಿ ಮುಂದೆ ಬಿಳಿ, ಪಕ್ಕದಲ್ಲಿ ಹಳದಿ, ಹಿಂದೆ ಕೆಂಪು ಇರಬೇಕು. ಮಂಜು ಕವಿದ ಘಾಟಿಯಲ್ಲಿ ಕೆಟ್ಟು ನಿಂತರೆ ನಿಮ್ಮ ಗಾಡಿ ಇದೆ ಎಂದು ಹಿಂದಿನವರಿಗೆ ಗೊತ್ತಾಗುವುದು ಆ ಪಟ್ಟಿಯಿಂದಲೇ. ವೈಪರಿನ ರಬ್ಬರ್ ಮೇ ತಿಂಗಳಲ್ಲೇ ಬದಲಿಸಿ. ಬೇಸಿಗೆಯ ಬಿಸಿಲಿಗೆ ಅದು ಒಣಗಿ ಬಿರುಕು ಬಿಟ್ಟಿರುತ್ತದೆ.

ಈಗ ಬ್ರೇಕು

ಈ ಲೇಖನದಲ್ಲಿ ಒಂದೇ ಭಾಗ ಓದುವಷ್ಟು ಸಮಯ ಇದ್ದರೆ ಇದನ್ನು ಓದಿ.

ಈ ಗಾಡಿಗಳ ಬ್ರೇಕ್ ಕೆಲಸ ಮಾಡುವುದು ಟ್ಯಾಂಕಿನಲ್ಲಿ ಒತ್ತಿ ತುಂಬಿದ ಗಾಳಿಯಿಂದ, ಅದಕ್ಕೇ ಏರ್ ಅನ್ನುವುದು. ಎಂಜಿನ್ ಸ್ಟಾರ್ಟ್ ಮಾಡಿ, ಏರ್ ತುಂಬುವವರೆಗೆ ಗಾಡಿ ಎಳೆಯಬೇಡಿ. ಸಾಮಾನ್ಯವಾಗಿ ಒತ್ತಡ ತೋರಿಸುವ ಮುಳ್ಳು 7ರಿಂದ 8 ಬಾರ್ ಹತ್ತಿರ ಬರಬೇಕು. ತುಂಬಲು ದಿನಾ ಹಿಡಿಯುವುದಕ್ಕಿಂತ ಜಾಸ್ತಿ ಹೊತ್ತು ಹಿಡಿಯುತ್ತಿದೆ ಅನ್ನಿಸಿದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಕಂಪ್ರೆಸರ್ ಸೋತಿದೆ. ತುಂಬಿದ ಮೇಲೆ ಎಂಜಿನ್ ಆಫ್ ಮಾಡಿ. ಗಾಡಿ ಸಮತಟ್ಟಾದ ಜಾಗದಲ್ಲಿರಲಿ, ಗಾಲಿಗೆ ಅಡ್ಡ ಮರದ ತುಂಡು ಕೊಟ್ಟಿರಿ. ಬ್ರೇಕ್ ಪೆಡಲನ್ನು ಒತ್ತಿ ಒಂದು ನಿಮಿಷ ಹಿಡಿಯಿರಿ. ಒತ್ತಿದ ಕೂಡಲೇ ಮುಳ್ಳು ಸ್ವಲ್ಪ ಇಳಿಯುವುದು ಸಹಜ, ಆಮೇಲೆ ನಿಂತಲ್ಲೇ ನಿಲ್ಲಬೇಕು. ಇಳಿಯುತ್ತಲೇ ಹೋದರೆ ಸೋರಿಕೆ ಇದೆ. ರೇಡಿಯೊ ಆಫ್ ಮಾಡಿ ಕಿವಿಗೊಡಿ, ಎಲ್ಲಿಂದ ಬುಸ್ ಅನ್ನುತ್ತಿದೆ ಎಂದು ಕೇಳುತ್ತದೆ. ಆಮೇಲೆ ಪೆಡಲನ್ನು ತುಳಿದು ಬಿಟ್ಟು ಮಾಡಿ ಏರ್ ಇಳಿಸಿ. ಮುಳ್ಳು ಕೆಂಪು ಗೆರೆಗೆ ಬರುವ ಹೊತ್ತಿಗೆ ಎಚ್ಚರಿಕೆಯ ಲೈಟು ಅಥವಾ ಬಜರ್ ಬರಲೇಬೇಕು. ಬಜರಿನ ವೈರ್ ಕಿತ್ತು ಹಾಕಿದ ಗಾಡಿಗಳು ಎಷ್ಟೋ ಇವೆ. ಕಿರಿಕಿರಿ ಅಂತ ಕಿತ್ತಿದ್ದು, ಬೇಕಾದಾಗ ಬಾಯಿ ಬಿಡುವುದಿಲ್ಲ.

ಸಂಜೆ ಗಾಡಿ ನಿಲ್ಲಿಸಿದ ಮೇಲೆ ಏರ್ ಟ್ಯಾಂಕಿನ ಡ್ರೈನ್ ವಾಲ್ವ್ ಎಳೆದು ನೀರು ಬಿಡಿ. ನಮ್ಮ ಕಡೆ ಗಾಳಿಯಲ್ಲೇ ತೇವ ಜಾಸ್ತಿ, ಟ್ಯಾಂಕಿನಲ್ಲಿ ನೀರೂ ಜಾಸ್ತಿ. ನೀರು ನಿಂತಷ್ಟೂ ಗಾಳಿಗೆ ಜಾಗ ಕಮ್ಮಿ, ವಾಲ್ವ್‌ಗಳಿಗೆ ತುಕ್ಕು. ಏರ್ ಡ್ರೈಯರ್ ಇರುವ ಗಾಡಿಯಲ್ಲೂ ನೀರು ಬರುತ್ತಿದ್ದರೆ ಡ್ರೈಯರಿನ ಫಿಲ್ಟರ್ ಮುಗಿದಿದೆ. ನೀರಿನ ಜೊತೆ ಕಪ್ಪು ಎಣ್ಣೆ ಬಂದರೆ ಕಂಪ್ರೆಸರ್ ತೋರಿಸಿ.

ಏರ್ ತೀರಾ ಇಳಿದರೆ ಹಿಂದಿನ ಗಾಲಿಯ ಸ್ಪ್ರಿಂಗ್ ಬ್ರೇಕ್ ತಾನೇ ಹಿಡಿದುಕೊಳ್ಳುತ್ತದೆ. ಇದು ಪ್ರಾಣ ಉಳಿಸಲು ಇಟ್ಟ ವ್ಯವಸ್ಥೆ. ಸೋರಿಕೆ ಇರುವ ಗಾಡಿಯನ್ನು ಹೇಗಾದರೂ ಓಡಿಸಬೇಕು ಅಂತ ಕೆಲವರು ಅದರ ಬೋಲ್ಟ್ ತಿರುಗಿಸಿ ಬಿಡಿಸಿಬಿಡುತ್ತಾರೆ. ಆಗ ಆ ಗಾಲಿಗೆ ಹ್ಯಾಂಡ್ ಬ್ರೇಕೂ ಇಲ್ಲ, ತುರ್ತು ಬ್ರೇಕೂ ಇಲ್ಲ. ಹಾಗೆ ಬಿಡಿಸಿದ ಗಾಡಿಯನ್ನು ಗ್ಯಾರೇಜಿಗೆ ಎಳೆದುಕೊಂಡು ಹೋಗಬೇಕೇ ಹೊರತು ಘಾಟಿಗೆ ಅಲ್ಲ.

ಕೊನೆಗೆ ನಡಿಗೆಯ ವೇಗದಲ್ಲಿ ಸ್ವಲ್ಪ ಮುಂದೆ ಹೋಗಿ ಬ್ರೇಕ್ ಹಾಕಿ. ಗಾಡಿ ನೇರ ನಿಲ್ಲಬೇಕು. ಒಂದು ಪಕ್ಕಕ್ಕೆ ಎಳೆದರೆ ಆ ಪಕ್ಕದ್ದು ಮಾತ್ರ ಚೆನ್ನಾಗಿ ಹಿಡಿಯುತ್ತಿದೆ, ಇನ್ನೊಂದು ಪಕ್ಕ ಸೋತಿದೆ ಎಂದರ್ಥ. ದಾರಿಯಲ್ಲಿ ಟೀಗೆ ನಿಂತಾಗ ಪ್ರತಿ ಹಬ್ಬಿನ ಹತ್ತಿರ ಕೈ ಹಿಡಿದು ನೋಡಿ. ಮುಟ್ಟುವುದು ಬೇಡ, ಕಾವು ತಿಳಿದರೆ ಸಾಕು. ಒಂದು ಗಾಲಿ ಮಾತ್ರ ವಿಪರೀತ ಕಾದಿದ್ದರೆ ಬ್ರೇಕ್ ಅಂಟಿಕೊಂಡಿದೆ ಅಥವಾ ಬೇರಿಂಗ್ ಹೋಗುತ್ತಿದೆ. ಒಂದು ಮಾತ್ರ ತಣ್ಣಗಿದ್ದರೆ ಅದಕ್ಕೆ ಬ್ರೇಕೇ ಹಿಡಿಯುತ್ತಿಲ್ಲ.

ಇಳಿಯುವಾಗ ಯಾವ ಗೇರು?

ಏರಲು ಯಾವ ಗೇರ್ ಬೇಕೋ ಅದೇ ಗೇರಿನಲ್ಲಿ ಇಳಿಯಿರಿ. ಗೇರ್ ಇಳಿಸಬೇಕಾದ್ದು ಇಳಿಜಾರು ಶುರುವಾಗುವ ಮೊದಲು. ನಡುವೆ ಬದಲಿಸಲು ಹೋಗಿ ಗೇರ್ ಬೀಳದೆ ನ್ಯೂಟ್ರಲ್‌ನಲ್ಲಿ ಉಳಿದರೆ ಎಂಜಿನ್ನಿನ ಹಿಡಿತ ಪೂರ್ತಿ ತಪ್ಪುತ್ತದೆ. ಎಕ್ಸಾಸ್ಟ್ ಬ್ರೇಕ್ (ಹೊಗೆ ತಡೆದು ಎಂಜಿನ್ನಿನಿಂದಲೇ ವೇಗ ತಗ್ಗಿಸುವುದು) ಇದ್ದರೆ ಬಳಸಿ, ಇರುವುದೇ ಇದಕ್ಕೆ. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಿ ಇಳಿಯುವವರಿಗೆ ಒಂದು ಮಾತು: ಗೇರಿನಲ್ಲೇ ಆಕ್ಸಿಲರೇಟರಿನಿಂದ ಕಾಲು ತೆಗೆದು ಇಳಿಯುವಾಗ ಇಂದಿನ ಎಂಜಿನ್ ಡೀಸೆಲ್ಲನ್ನೇ ಬಿಡುವುದಿಲ್ಲ. ನ್ಯೂಟ್ರಲ್‌ನಲ್ಲಿ ಸಣ್ಣಗೆ ಓಡಲು ಡೀಸೆಲ್ ಬೇಕು. ಅಂದರೆ ಉಳಿತಾಯವೂ ಇಲ್ಲ.

ಇಡೀ ಘಾಟಿ ಬ್ರೇಕ್ ಮೇಲೆ ಕಾಲಿಟ್ಟೇ ಇಳಿದರೆ ಡ್ರಮ್ ಒಲೆ ಮೇಲಿನ ಹೆಂಚಿನ ಹಾಗೆ ಕಾಯುತ್ತದೆ. ಕಾದ ಡ್ರಮ್ ಹಿಗ್ಗಿ ಲೈನರಿನಿಂದ ದೂರ ಸರಿಯುತ್ತದೆ, ಲೈನರಿನ ಹಿಡಿತವೂ ಕುಗ್ಗುತ್ತದೆ. ಪೆಡಲ್ ಎಷ್ಟು ಒತ್ತಿದರೂ ಗಾಡಿ ನಿಲ್ಲುವುದಿಲ್ಲ. ಸುಟ್ಟ ವಾಸನೆ ಬಂದರೆ ಅಗಲ ಇರುವ ಜಾಗದಲ್ಲಿ ನಿಲ್ಲಿಸಿ, ತಾನಾಗಿ ಆರಲಿ. ನೀರು ಎರಚಬೇಡಿ, ಡ್ರಮ್ ಬಿರುಕು ಬಿಡುತ್ತದೆ. ರಸ್ತೆ ಕಿರಿದಾದ ಕಡೆ ಏರಿ ಬರುವ ವಾಹನಕ್ಕೆ ಇಳಿಯುವವರು ದಾರಿ ಬಿಡಬೇಕು, ನಿಯಮವೇ ಹಾಗಿದೆ.

ಲಾರಿಗೆ ಲೋಡು, ಬಸ್ಸಿಗೆ ಬಾಗಿಲು

ಎರಡು ಆಕ್ಸೆಲ್‌ನ ಲಾರಿಗೆ ಗಾಡಿಯೂ ಸೇರಿ 18.5 ಟನ್, ಮೂರು ಆಕ್ಸೆಲ್‌ಗೆ 28.5 ಟನ್ ಗರಿಷ್ಠ ಮಿತಿ. ನಿಮ್ಮ ಆರ್‌ಸಿಯಲ್ಲಿ ಎಷ್ಟಿದೆಯೋ ಅದೇ ಲೆಕ್ಕ. ಮೀರಿದರೆ 20,000 ರೂಪಾಯಿ ದಂಡ, ಮೇಲೆ ಪ್ರತಿ ಟನ್ನಿಗೆ 2,000. ದಂಡ ಹೋಗಲಿ, ಜಾಸ್ತಿ ಲೋಡ್ ಅಂದರೆ ಬ್ರೇಕಿಗೆ ಜಾಸ್ತಿ ಕಾವು. ಮಳೆಯಲ್ಲಿ ನೆನೆದ ಮರಳಿನ ತೂಕವೂ ಏರಿರುತ್ತದೆ. ಅಡಿಕೆ ಮೂಟೆ, ಶುಂಠಿ ಚೀಲ ಎತ್ತರಕ್ಕೆ ಪೇರಿಸಿದರೆ ತಿರುವಿನಲ್ಲಿ ಲಾರಿ ವಾಲುತ್ತದೆ. ಭಾರದ್ದು ಕೆಳಗೆ, ಹಗುರದ್ದು ಮೇಲೆ ಇರಲಿ. ದಿಮ್ಮಿಗೆ ಹಗ್ಗ ನಂಬಬೇಡಿ, ಸರಪಳಿಯೇ ಬೇಕು. ಹೊರಟು 20-30 ಕಿಲೋ ಮೀಟರ್ ಆದ ಮೇಲೆ ಲೋಡ್ ಕುಕ್ಕಿ ಕೂತು ಕಟ್ಟು ಸಡಿಲವಾಗಿರುತ್ತದೆ. ನಿಲ್ಲಿಸಿ ಬಿಗಿಯಿರಿ.

ಬಸ್ಸಿನವರು ತುರ್ತು ಬಾಗಿಲನ್ನು ನಿಜವಾಗಿಯೂ ತೆಗೆದು ನೋಡಬೇಕು. ಎಷ್ಟೋ ಕಡೆ ಅದರ ಮುಂದೆ ಪಾರ್ಸೆಲ್ ಪೇರಿಸಿರುತ್ತಾರೆ. ಗಾಜು ಒಡೆಯುವ ಸುತ್ತಿಗೆ ಜಾಗದಲ್ಲಿದೆಯಾ, ಅಗ್ನಿಶಾಮಕ ಸಿಲಿಂಡರಿನ ಮುಳ್ಳು ಹಸಿರಿನಲ್ಲಿದೆಯಾ, ಪ್ರಥಮ ಚಿಕಿತ್ಸೆ ಪೆಟ್ಟಿಗೆಯಲ್ಲಿ ಸಾಮಾನು ಇದೆಯಾ ನೋಡಿ. ಬೆಳಗ್ಗೆ ಕಾಲೇಜು ಮಕ್ಕಳು ಫುಟ್‌ಬೋರ್ಡ್ ಮೇಲೆ ನೇತಾಡುತ್ತಾರೆ ಅಲ್ವಾ? ಬಾಗಿಲು ಮುಚ್ಚದೆ ಬಸ್ ಎಳೆಯಬೇಡಿ. ಮಕ್ಕಳು ಬೈದುಕೊಂಡರೂ ಪರವಾಗಿಲ್ಲ.

ಡ್ರೈವರನ್ನು ಯಾರು ನೋಡುತ್ತಾರೆ?

ಗಾಡಿಯಷ್ಟೇ ಡ್ರೈವರೂ ಸರಿ ಇರಬೇಕು. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ ಎನ್ನುತ್ತಿತ್ತು. ಐದು ಗಂಟೆ ಕೆಲಸ ಮಾಡಿದ ಮೇಲೆ ಕನಿಷ್ಠ ಅರ್ಧ ಗಂಟೆ ವಿರಾಮ ಕೊಡಬೇಕು ಎಂದೂ ಅದರಲ್ಲಿತ್ತು. ರಾತ್ರಿಯೆಲ್ಲ ಓಡಿಸಿ ನಸುಕಿನಲ್ಲಿ ಘಾಟಿ ಇಳಿಯುವುದು ತುಂಬಾ ಅಪಾಯ. ನಿದ್ದೆಗೆ ಟೀ ಮದ್ದಲ್ಲ. ಇಪ್ಪತ್ತು ನಿಮಿಷ ಮಲಗಿ, ಆಮೇಲೆ ಹೊರಡಿ. ಶೀತಕ್ಕೆ ತೆಗೆದುಕೊಳ್ಳುವ ಕೆಲವು ಮಾತ್ರೆಗಳಿಂದಲೂ ತೂಕಡಿಕೆ ಬರುತ್ತದೆ, ಔಷಧಿ ಅಂಗಡಿಯಲ್ಲಿ ಕೇಳಿ ತೆಗೆದುಕೊಳ್ಳಿ.

ಕಾಗದಪತ್ರದ ವಿಷಯ ನಿಮಗೆ ಗೊತ್ತಿದ್ದದ್ದೇ: ಡಿಎಲ್, ಆರ್‌ಸಿ, ಎಫ್‌ಸಿ, ಇನ್ಶೂರೆನ್ಸ್, ಪರ್ಮಿಟ್, ಎಮಿಷನ್. ಮೊಬೈಲಿನ ಡಿಜಿಲಾಕರ್‌ನಲ್ಲಿ ಇಟ್ಟರೂ ನಡೆಯುತ್ತದೆ. ಆದರೆ ಎಫ್‌ಸಿ (ಗಾಡಿ ಓಡಲು ಯೋಗ್ಯ ಎಂಬ ಪ್ರಮಾಣಪತ್ರ) ಇದೆ ಅಂದ ಮಾತ್ರಕ್ಕೆ ಇವತ್ತಿನ ಬ್ರೇಕ್ ಸರಿ ಇದೆ ಎಂದಲ್ಲ. ಅದು ತಪಾಸಣೆ ಮಾಡಿದ ದಿನದ ಮಾತು.

ಕಂಡ ದೋಷವನ್ನು ಬಾಯಲ್ಲಿ ಹೇಳಿ ಬಿಡಬೇಡಿ. ಗಾಡಿಯಲ್ಲೇ ಒಂದು ನೋಟ್‌ಬುಕ್ ಇಡಿ. ತಾರೀಖು, ಗಾಡಿ ನಂಬರ್, ದೋಷ ಬರೆದು ಮಾಲೀಕರ ಸಹಿ ಹಾಕಿಸಿ, ಇಲ್ಲವೇ ಫೋಟೊ ತೆಗೆದು ವಾಟ್ಸ್‌ಆ್ಯಪ್ ಮಾಡಿ. ದೋಷ ಇರುವ ವಾಹನ ಓಡಿಸಿದವರಷ್ಟೇ ಅಲ್ಲ, ಓಡಿಸಲು ಬಿಟ್ಟವರೂ ಮೋಟಾರು ವಾಹನ ಕಾಯ್ದೆಯ 190ನೇ ಸೆಕ್ಷನ್ ಅಡಿ ಹೊಣೆ. ಮಾಲೀಕರಲ್ಲೂ ಒಂದು ಕೋರಿಕೆ ಇದೆ. ಬ್ರೇಕ್ ಸರಿ ಇಲ್ಲ ಅಂತ ಬೆಳಗ್ಗೆ ಟ್ರಿಪ್ ನಿಲ್ಲಿಸಿದ ಡ್ರೈವರ್ ಮೇಲೆ ರೇಗಬೇಡಿ, ಅವರ ಆ ದಿನದ ಬಾಟಾ (ಭತ್ಯೆ) ಕತ್ತರಿಸಬೇಡಿ. ಒಂದು ಸಲ ಕತ್ತರಿಸಿದರೆ ಮುಂದಿನ ಸಲ ಅವರು ದೋಷ ಕಂಡರೂ ಹೇಳುವುದಿಲ್ಲ.

ಇಷ್ಟೆಲ್ಲ ಮಾಡಿಯೂ ಘಾಟಿಯಲ್ಲಿ ಗಾಡಿ ಕೆಟ್ಟರೆ ಹಜಾರ್ಡ್ ಲೈಟ್ ಹಾಕಿ, ಗಾಲಿಗೆ ಅಡ್ಡ ಕೊಡಿ. ಬಸ್ಸಾದರೆ ಪ್ರಯಾಣಿಕರನ್ನು ಇಳಿಸಿ ರಸ್ತೆಯಿಂದ ದೂರ, ಧರೆ ಕುಸಿಯದ ಜಾಗದಲ್ಲಿ ನಿಲ್ಲಿಸಿ. ಕೆಂಪು ತ್ರಿಕೋನವನ್ನು ಗಾಡಿಯ ಪಕ್ಕದಲ್ಲಿ ಇಟ್ಟರೆ ಪ್ರಯೋಜನವಿಲ್ಲ, ತಿರುವಿಗೂ ಹಿಂದೆ ಇಡಬೇಕು. ತುರ್ತು ಸಹಾಯಕ್ಕೆ 112, ರಾಷ್ಟ್ರೀಯ ಹೆದ್ದಾರಿಯಲ್ಲಿ 1033. ಗಾಲಿಗೆ ಇಟ್ಟ ಕಲ್ಲನ್ನು ರಸ್ತೆಯಲ್ಲೇ ಬಿಟ್ಟು ಹೋದರೆ ಹಿಂದೆ ಬರುವ ಬೈಕಿನವರು ಅದಕ್ಕೆ ಗುದ್ದಿ ಬೀಳುತ್ತಾರೆ. ರಿಪೇರಿ ಮುಗಿದ ಮೇಲೆ ಕಲ್ಲು, ಸೊಪ್ಪು ಎಲ್ಲವನ್ನೂ ತೆಗೆದು ಪಕ್ಕಕ್ಕೆ ಹಾಕಿಯೇ ಹೊರಡಿ.