ಹನ್ನೆರಡು ದಿನದ ರಜೆ, ಹದಿಮೂರು ಪುಸ್ತಕ

ಇಂಗ್ಲಿಷಿಗೆ ಅನುವಾದವಾದ ಕೃತಿಗೆ ಕೊಡುವ ಅಂತರರಾಷ್ಟ್ರೀಯ ಬೂಕರ್ ಬಹುಮಾನದ ಲಾಂಗ್‌ಲಿಸ್ಟನ್ನು, ಅಂದರೆ ಮೊದಲ ಸುತ್ತಿನ ಹದಿಮೂರು ಪುಸ್ತಕಗಳ ಪಟ್ಟಿಯನ್ನು, ಒಂದೇ ರಜೆಯಲ್ಲಿ ಪೂರ್ತಿ ಓದುತ್ತೇನೆಂದಾಗ ನನ್ನ ಓದುಗ ಗೆಳೆಯರಲ್ಲಿ ಒಬ್ಬರೂ ನಂಬಲಿಲ್ಲ; ನಂಬದಿರಲು ಕಾರಣ ಒದಗಿಸಿಕೊಟ್ಟವನೂ ನಾನೇ. 2022ರಲ್ಲಿ ಹದಿಮೂರನ್ನೂ ಒಟ್ಟಿಗೆ ತರಿಸಿ, ದಪ್ಪದ್ದರಲ್ಲಿ ಒಂದು ಮೊದಲು ಮುಗಿದರೆ ಉಳಿದದ್ದು ಸಲೀಸು ಎಂಬ ಲೆಕ್ಕದಲ್ಲಿ ಗೀತಾಂಜಲಿ ಶ್ರೀ ಅವರ ‘ಟೂಮ್ ಆಫ್ ಸ್ಯಾಂಡ್’ ಹಿಡಿದು ಕೂತೆ. ಏಳುನೂರು ಪುಟಗಳ ಆಸುಪಾಸಿನ ಆ ಕಾದಂಬರಿ ಅವಸರಪಡಿಸಿದಷ್ಟೂ ನಿಧಾನವಾಗುವ ಜಾತಿಯದು. ರಜೆ ಅದರೊಳಗೇ ಕರಗಿಹೋಯಿತು. ಆ ವರ್ಷದ ಬಹುಮಾನ ಅದಕ್ಕೇ ಬಂದದ್ದರಿಂದ, ಓದಿದ್ದು ಒಂದೇ ಆದರೂ ಗೆದ್ದದ್ದನ್ನೇ ಓದಿದೆ ಎಂದು ಹೇಳಿಕೊಂಡು ತಿರುಗಿದೆ. 2024ರಲ್ಲಿ ಪಟ್ಟಿ ಇದ್ದ ಕ್ರಮದಲ್ಲೇ ಹೊರಟು, ಪ್ರತಿಯೊಂದಕ್ಕೂ ಐವತ್ತು ಪುಟಗಳ ಅವಕಾಶ ಕೊಟ್ಟು, ಹಿಡಿಸದಿದ್ದರೆ ಪಕ್ಕಕ್ಕಿಡುವ ನಿಯಮ ಮಾಡಿಕೊಂಡೆ. ಐದು ಮುಗಿದವು, ಎಂಟು ಅರ್ಧಕ್ಕೆ ನಿಂತವು. ಬಿಟ್ಟ ಪುಸ್ತಕಕ್ಕೂ ಪೂರ್ತಿ ಬೆಲೆ ತೆತ್ತಿರುತ್ತೇವೆ ಎಂಬುದು ಬಿಲ್ಲುಗಳನ್ನು ಕೂಡಿದಾಗಲೇ ಹೊಳೆದದ್ದು.

2025ರ ಪಟ್ಟಿ ಫೆಬ್ರುವರಿ 25ಕ್ಕೆ ಹೊರಬಿತ್ತು. ಅದರಿಂದ ಆರನ್ನು ಆರಿಸುವ ಏಪ್ರಿಲ್ 8ರ ಶಾರ್ಟ್‌ಲಿಸ್ಟಿಗೆ ಮುಂಚೆ, ಮಾರ್ಚ್ ಕೊನೆಯಲ್ಲಿ ನನಗೆ ಹನ್ನೆರಡು ದಿನದ ಬಿಡುವಿತ್ತು. ಈ ಸಲ ಯಾವುದನ್ನೂ ತೆರೆಯುವ ಮುನ್ನ ಪುಟಗಳನ್ನು ಎಣಿಸಿದೆ. ನೆನಪಿನ ಲೆಕ್ಕದಲ್ಲಿ ಒಟ್ಟು 2,900. ಅದರಲ್ಲಿ ಕಾಲು ಭಾಗಕ್ಕೆ ಸ್ವಲ್ಪ ಕಡಿಮೆಯಷ್ಟು ರೊಮೇನಿಯಾದ ಲೇಖಕ ಕರ್ತರೆಸ್ಕು ಅವರ ‘ಸೊಲೆನಾಯ್ಡ್’ ಒಂದರದ್ದೇ. ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ನಲ್ಲಿ ಸರಿಯಾಗಿ ಹನ್ನೆರಡು ಕತೆಗಳು. ದಾರಿ ಸಿಕ್ಕಿದ್ದು ಅಲ್ಲಿ: ಬೆಳಿಗ್ಗೆ ಎದ್ದೊಡನೆ ‘ಸೊಲೆನಾಯ್ಡ್’ನ ಐವತ್ತೈದು ಪುಟ, ಹಗಲಿಗೆ ಒಂದು ತೆಳು ಪುಸ್ತಕ, ಮಲಗುವ ಮುನ್ನ ಬಾನು ಅವರ ಒಂದೇ ಒಂದು ಕತೆ. ಹನ್ನೊಂದು ತೆಳು ಪುಸ್ತಕಗಳಿಗೆ ಹನ್ನೆರಡು ಹಗಲು ಇದ್ದುದರಿಂದ ಒಂದು ದಿನ ಕೈಯಲ್ಲಿ ಉಳಿಯುತ್ತಿತ್ತು.

ದಪ್ಪ ಪುಸ್ತಕವನ್ನು ಹೀಗೆ ತುಂಡು ತುಂಡಾಗಿ ಓದಿದರೆ ಹಿಡಿತ ತಪ್ಪುತ್ತದೆ ಎಂದು ಗೆಳೆಯರೊಬ್ಬರು ಎಚ್ಚರಿಸಿದ್ದರು. ನನಗಾದದ್ದು ಬೇರೆ. ಬುಕಾರೆಸ್ಟಿನ ಶಾಲಾ ಮೇಷ್ಟ್ರೊಬ್ಬ ತಲೆಯ ಹೇನಿನ ಪ್ರಸ್ತಾಪದಿಂದಲೇ ಶುರುಮಾಡುವ ಆ ಕಾದಂಬರಿಯಲ್ಲಿ ಕನಸು ಯಾವುದು, ಎಚ್ಚರ ಯಾವುದು ಎಂಬುದು ಕಲಸಿಹೋಗಿರುತ್ತದೆ. ನಿದ್ದೆ ಪೂರ್ತಿ ಬಿಡದ ಹೊತ್ತಿಗೆ ಅದಕ್ಕಿಂತ ಹೊಂದುವ ಓದು ಬೇರೆ ಇಲ್ಲ. ಸಂಜೆ ಒಮ್ಮೆ ಪ್ರಯತ್ನಿಸಿ ನೋಡಿದೆ. ಮೂವತ್ತು ಪುಟ ದಾಟಲಾಗಲಿಲ್ಲ.

ಸೌ ಇಚಿಕಾವಾ ಅವರ ‘ಹಂಚ್‌ಬ್ಯಾಕ್’ ನೂರು ಪುಟದ ಆಸುಪಾಸಿನದು, ಎರಡು ತಾಸಿನ ಕೆಲಸ ಎಂದುಕೊಂಡಿದ್ದೆ. ಆದರೆ ಸ್ನಾಯುರೋಗದಿಂದ ಬೆನ್ನು ಬಾಗಿದ ಅದರ ನಾಯಕಿ, ಪುಸ್ತಕವನ್ನು ಕೈಯಲ್ಲಿ ಎತ್ತಿ ಹಿಡಿಯುವುದು, ಹಾಳೆ ಮಗುಚುವುದು, ನೆಟ್ಟಗೆ ಕೂರುವುದು ಎಲ್ಲರಿಂದಲೂ ಆಗುವ ಕೆಲಸವೆಂದು ನಂಬಿರುವ ಓದುಗರ ಮೇಲೆ ಸಿಡಿಯುವ ಪುಟಗಳಿಗೆ ಬಂದಾಗ, ದಿಂಬಿಗೆ ಒರಗಿ ಮಲಗಿದ್ದ ನಾನು ಎದ್ದು ಕೂತೆ. ಉಳಿದಿದ್ದ ಒಂದು ದಿನವನ್ನು ನುಂಗಿದ್ದು ಡೆಲಕ್ರೋವಾ ಅವರ ‘ಸ್ಮಾಲ್ ಬೋಟ್’. 2021ರ ನವೆಂಬರಿನಲ್ಲಿ ಇಂಗ್ಲಿಷ್ ಕಡಲ್ಗಾಲುವೆಯಲ್ಲಿ ವಲಸಿಗರ ದೋಣಿ ಮುಳುಗಿದ ದುರಂತದಿಂದ ಹುಟ್ಟಿದ ಕಾದಂಬರಿ ಅದು. ಸಹಾಯ ಕೇಳಿ ಬಂದ ಕರೆಗಳನ್ನು ಸ್ವೀಕರಿಸಿದ ಹೆಂಗಸೇ ನಿರೂಪಕಿ. ಎರಡು ಸಲ ಮುಚ್ಚಿಟ್ಟು ಮೂರನೆಯ ಸಲ ಮುಗಿಸಿದೆ. ಮಾರನೆಯ ಹಗಲು ಏನನ್ನೂ ಓದಲಾಗಲಿಲ್ಲ.

ನಡುವೆ ಒಂದು ಅಡ್ಡ ಪ್ರಯೋಗವನ್ನೂ ಮಾಡಿದೆ. ಬಾನು ಅವರ ‘ಎದೆಯ ಹಣತೆ’ ಕತೆಯನ್ನು ಕನ್ನಡದಲ್ಲಿ ಓದಿ, ಅದೇ ರಾತ್ರಿ ದೀಪಾ ಭಾಸ್ತಿ ಅವರ ಇಂಗ್ಲಿಷಿನಲ್ಲಿ ಓದಿದೆ. ಮೊದಲ ಎರಡು ಪುಟ ಓದುಗನಾಗಿರದೆ ಉತ್ತರ ಪತ್ರಿಕೆ ತಿದ್ದುವವನಾಗಿದ್ದೆ. ಅವರು ನಮ್ಮ ಮಾತುಗಳನ್ನು ಓರೆ ಅಕ್ಷರಕ್ಕೆ ಹಾಕಿಲ್ಲ, ಅಡಿಟಿಪ್ಪಣಿಯನ್ನೂ ಕೊಟ್ಟಿಲ್ಲ. ಹೀಗಾಗಿ ತಿದ್ದುವ ಚಟ ಬೇಗ ಬಿಟ್ಟುಹೋಯಿತು. ಸೀಮೆಎಣ್ಣೆ ಸುರಿದುಕೊಂಡ ತಾಯಿಯನ್ನು ಹಿರಿಮಗಳು ತಡೆಯುವ ಜಾಗಕ್ಕೆ ಬರುವಷ್ಟರಲ್ಲಿ ಯಾವ ಭಾಷೆಯಲ್ಲಿ ಓದುತ್ತಿದ್ದೇನೆಂಬುದೇ ಮರೆತಿತ್ತು. ಎಲ್ಲ ಕತೆಗಳಿಗೂ ಹೀಗೆ ಮಾಡಹೊರಟರೆ ಹನ್ನೆರಡು ದಿನ ಸಾಲದು, ಒಂದಕ್ಕೇ ನಿಲ್ಲಿಸಿದೆ.

ಇನ್ನು ಹಣ. 2022ರಲ್ಲಿ ಸುರಿದದ್ದರ ಅರ್ಧಕ್ಕಿಂತ ಕಡಿಮೆಯಲ್ಲಿ ಈ ಸಲ ಮುಗಿಯಿತು. ದಪ್ಪದ್ದನ್ನು ಮಾತ್ರ ಕಾಗದದಲ್ಲಿ ಕೊಂಡೆ, ಸಿಕ್ಕಷ್ಟು ತೆಳುವನ್ನು ಇ-ಪುಸ್ತಕವಾಗಿ ತೆಗೆದುಕೊಂಡೆ, ಅದೂ ಮೂರು ಕಂತಿನಲ್ಲಿ: ಒಂದು ಕಂತು ಮುಗಿಯದೆ ಮುಂದಿನದನ್ನು ಕೊಳ್ಳುವಂತಿಲ್ಲ. ಒಬ್ಬ ಮಾರಾಟಗಾರರು ಮುಂಗಡ ಪಡೆದು ಪುಸ್ತಕ ಕಳಿಸಿದ್ದು ಶಾರ್ಟ್‌ಲಿಸ್ಟ್ ಬಂದ ಮೇಲೆ. ಆ ದುಡ್ಡು ನೀರಿಗೆ ಹಾಕಿದಂತಾಯಿತು. ಆ ಪುಸ್ತಕವನ್ನೂ, ಎಲ್ಲೂ ಸಿಗದಿದ್ದ ಇನ್ನೊಂದನ್ನೂ ಹೇಗೆ ದಕ್ಕಿಸಿಕೊಂಡೆನೆಂಬುದನ್ನು ಮಾತ್ರ ಇಲ್ಲಿ ಬರೆಯಲಾರೆ. ಮುಂದಿನ ವರ್ಷವೂ ಆ ದಾರಿ ನನಗೆ ಬೇಕು.

ಹನ್ನೆರಡನೆಯ ರಾತ್ರಿ, ಶಾರ್ಟ್‌ಲಿಸ್ಟಿನಲ್ಲಿ ಇರಬಹುದೆಂದು ಊಹಿಸಿದ ನನ್ನ ಆರು ಹೆಸರುಗಳನ್ನು ಬರೆದು ಗೆಳೆಯರಿಗೆ ಕಳಿಸಿದೆ. ನಾಲ್ಕು ಸರಿಯಾದವು. ‘ಪರ್ಫೆಕ್ಷನ್’ ಮತ್ತು ‘ಎ ಲೆಪರ್ಡ್-ಸ್ಕಿನ್ ಹ್ಯಾಟ್’ ಇರಬೇಕಾದ ಜಾಗದಲ್ಲಿ ನಾನು ‘ಹಂಚ್‌ಬ್ಯಾಕ್’ ಮತ್ತು ‘ಸೊಲೆನಾಯ್ಡ್’ ಬರೆದಿದ್ದೆ. ಹನ್ನೆರಡು ಬೆಳಗು ಮುಖ ನೋಡಿದ ಪುಸ್ತಕದ ಮೇಲಿನ ಮಮತೆ ಲೆಕ್ಕ ಕೆಡಿಸಿತು. ಮೇ 20ರಂದು ‘ಹಾರ್ಟ್ ಲ್ಯಾಂಪ್’ ಗೆದ್ದು, ಐವತ್ತು ಸಾವಿರ ಪೌಂಡ್ ಲೇಖಕಿಗೂ ಅನುವಾದಕಿಗೂ ಸಮನಾಗಿ ಹಂಚಿಹೋದ ಸುದ್ದಿ ಬಂದಾಗ, ತುಂಡು ಓದನ್ನು ಹೀಗಳೆದಿದ್ದ ಅದೇ ಗೆಳೆಯರು ಫೋನ್ ಮಾಡಿ ನನ್ನ ದಿನಚರಿಯ ಹಾಳೆಯನ್ನು ಕೇಳಿದರು. ಕಳಿಸಿದ್ದೇನೆ, ಪುಸ್ತಕ ಸಿಕ್ಕ ದಾರಿ ಬರೆದಿದ್ದ ಕೊನೆಯ ಕಾಲಮನ್ನು ಅಳಿಸಿ.