ಹುಳುಗೆ ಪೌಡರ್ ಹಾಕಿದ್ದಾರೆ, ಬೊಟ್ಟು ಇಟ್ಟಿಲ್ಲ

ಈ ಬೇಸಿಗೆ ರಜಕ್ಕೆ ನನ್ನ ಮಗಳಿಗೆ ಎರಡು ವರ್ಷ ಎಂಟು ತಿಂಗಳು. ಮನೆಯಲ್ಲಿ ಅವಳನ್ನು ಚಿನ್ನಿ ಅಂತ ಕರೆಯುತ್ತೇವೆ. ನಾನು ಬೆಂಗಳೂರಿನಲ್ಲಿ ಪ್ರೈಮರಿ ಸ್ಕೂಲ್ ಟೀಚರ್. ರಜ ಬಿಟ್ಟ ತಕ್ಷಣ, ಏಪ್ರಿಲ್ 12ಕ್ಕೆ, ಅವಳನ್ನು ಕರೆದುಕೊಂಡು ತವರಿಗೆ ಹೋದೆ. ಶಿಡ್ಲಘಟ್ಟದಿಂದ ಸ್ವಲ್ಪ ಒಳಗೆ ನಮ್ಮ ಊರು. ಅಪ್ಪ, ಅಣ್ಣ ರೇಷ್ಮೆ ಮೇಯಿಸುತ್ತಾರೆ.

ಅವಳ ಮಾತುಗಳನ್ನು ಬರೆದಿಡಬೇಕು ಅಂತ ತುಂಬಾ ದಿನದಿಂದ ಆಸೆ ಇತ್ತು. ಬೆಂಗಳೂರಿನಲ್ಲಿ ಆಗಿರಲಿಲ್ಲ. ಬೆಳಿಗ್ಗೆ ಏನೋ ಚೆಂದದ ಮಾತು ಹೇಳಿರುತ್ತಾಳೆ, ರಾತ್ರಿ ಅವಳಪ್ಪನಿಗೆ ಹೇಳೋಣ ಅಂದರೆ ಮಾತೇ ಮರೆತಿರುತ್ತದೆ. "ಏನೋ ಹೇಳಿದ್ಳು ರೀ, ಎಷ್ಟು ಚೆನ್ನಾಗಿತ್ತು ಗೊತ್ತಾ" ಅನ್ನೋದಷ್ಟೇ ಉಳಿಯುತ್ತಿತ್ತು. ಹಾಗಾಗಿ ಈ ಸಲ ಊರಿಗೆ ಹೋದ ದಿನವೇ ಇನ್ನೂರು ಪುಟದ ಒಂದು ನೋಟ್‌ಬುಕ್ ತಂದೆ. ಅಡುಗೆಮನೆ ಬಾಗಿಲ ಪಕ್ಕ ಕ್ಯಾಲೆಂಡರ್ ನೇತು ಹಾಕಿರುವ ಮೊಳೆಗೆ ಒಂದು ಪೆನ್ಸಿಲ್ ದಾರ ಕಟ್ಟಿ ಬಿಟ್ಟೆ. ಪೆನ್ಸಿಲ್ ಹುಡುಕುವಷ್ಟರಲ್ಲಿ ಮಾತು ಹಾರಿ ಹೋಗುತ್ತದೆ, ಅಲ್ವಾ?

ನಾವು ಹೋದ ಎರಡು ದಿನಕ್ಕೆ ಹುಳು ಬಂದವು. ಮರಿ ಹುಳುಗಳನ್ನು ಸಾಕಿ ಕೊಡುವ ಚಾಕಿ ಮನೆಯಿಂದ, ಎರಡನೇ ಸಲ ಚರ್ಮ ಬಿಟ್ಟ ಹುಳುಗಳನ್ನು ಅಪ್ಪ ತಂದರು, 150 ಮೊಟ್ಟೆ. ನಮ್ಮ ಕಡೆ ಒಂದು ಮೊಟ್ಟೆ ಅಂದರೆ ಒಂದು ಚಿಟ್ಟೆ ಇಟ್ಟ ಮೊಟ್ಟೆಗಳೆಲ್ಲ ಸೇರಿ. ಅದರಲ್ಲೇ ನಾನೂರು ಐನೂರು ಹುಳು ಇರುತ್ತವೆ. ಚಿನ್ನಿ ಹುಳು ಮನೆಯಲ್ಲಿ ಸ್ಟ್ಯಾಂಡಿನ ಮುಂದೆ ನಿಂತು ಎಣಿಸಲು ಶುರು ಮಾಡಿದಳು. "ಒಂದು, ಎಲಡು, ಮೂಲು, ಇನ್ನೊಂದು, ಇನ್ನೊಂದು, ಇನ್ನೊಂದು..." ಹಾಗೇ ಆ ಸಾಲಿನ ಕೊನೆವರೆಗೆ ನಡೆದುಕೊಂಡು ಹೋದಳು. ಕೊನೆಗೆ ಬಂದು, "ಆಯ್ತು. ಇಷ್ಟು" ಅಂತ ಎರಡೂ ಕೈ ಅಗಲ ಮಾಡಿ ತೋರಿಸಿದಳು. ನೋಟ್‌ಬುಕ್ಕಿನ ಮೊದಲ ಬರಹ ಇದೇ.

ಬರೆಯುವಾಗ ಮೊದಲೆರಡು ದಿನ ನಾನು ತಪ್ಪು ಮಾಡಿದೆ. "ಹುಳು ಸೊಪ್ಪು ತಿನ್ನುತ್ತಿದೆ ಎಂದಳು" ಅಂತ ಬರೆದಿದ್ದೆ. ರಾತ್ರಿ ಓದಿದರೆ ಅಲ್ಲಿ ನನ್ನ ಮಗಳೇ ಇಲ್ಲ. ಅವಳು ಹೇಳಿದ್ದು "ಉಳು ಸೊಪ್ಪು ತಿನ್ತೈತೆ" ಅಂತ. "ತಿನ್ತೈತೆ" ಬೆಂಗಳೂರಿನಿಂದ ತಂದದ್ದಲ್ಲ, ತಾತನಿಂದ ಎರಡೇ ದಿನದಲ್ಲಿ ಕಲಿತದ್ದು. ಅದೂ ದಾಖಲಾಗಬೇಕಲ್ಲ. ಅಂದಿನಿಂದ ಕಿವಿಗೆ ಬಿದ್ದ ಹಾಗೇ ಬರೆದೆ. ಪಕ್ಕದಲ್ಲಿ ಯಾರಿದ್ದರು, ಅದಕ್ಕೆ ಮುಂಚೆ ಏನಾಯ್ತು ಅಂತ ಒಂದು ಸಾಲು. ಆ ಒಂದು ಸಾಲು ಇಲ್ಲದಿದ್ದರೆ ಮಕ್ಕಳ ಮಾತು ಅರ್ಧಕ್ಕರ್ಧ ಅರ್ಥವೇ ಆಗುವುದಿಲ್ಲ.

ಅದು ಎಷ್ಟು ನಿಜ ಅಂತ ಗೊತ್ತಾಗಿದ್ದು ಮುದ್ದೆಯ ವಿಷಯದಲ್ಲಿ. ಒಂದು ಮಧ್ಯಾಹ್ನ ಚಿನ್ನಿ ಹುಳು ಮನೆಯಲ್ಲಿ ಸ್ಟ್ಯಾಂಡಿಗೆ ಕಿವಿ ಕೊಟ್ಟು ನಿಂತಿದ್ದಳು. ಇದ್ದಕ್ಕಿದ್ದಂತೆ ಬೆರಳು ಎತ್ತಿ ಹುಳುಗಳಿಗೆ ಗದರಿದಳು: "ಅಗಿಬಾದು! ನುಂಗು!" ನನಗೆ ಏನೂ ತಿಳಿಯಲಿಲ್ಲ. ಆಮೇಲೆ ಅಮ್ಮ ಹೇಳಿದರು. ಊಟಕ್ಕೆ ಕೂತಾಗ ಚಿನ್ನಿ ರಾಗಿಮುದ್ದೆಯನ್ನು ಕಚಕಚ ಅಗಿಯುತ್ತಿದ್ದಳಂತೆ. "ಮುದ್ದೆ ಅಗಿಬಾರದು ಬಂಗಾರ, ಸಾರಿನಲ್ಲಿ ಅದ್ದಿ ನುಂಗಬೇಕು" ಅಂತ ಅಜ್ಜಿ ಹೇಳಿಕೊಟ್ಟಿದ್ದರು. ಸೊಪ್ಪು ತಿನ್ನುವ ಶಬ್ದ ಕೇಳಿ, ಇವೂ ತನ್ನ ಹಾಗೇ ತಪ್ಪು ಮಾಡುತ್ತಿವೆ ಅಂದುಕೊಂಡಿದ್ದಾಳೆ. ಅವಳ ಲೆಕ್ಕ ಸರಿಯಾಗಿಯೇ ಇತ್ತು.

ಇನ್ನು ಜ್ವರದ ಕಥೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ರೇಷ್ಮೆ ಹುಳು ಗೂಡು ಕಟ್ಟುವುದರೊಳಗೆ ನಾಲ್ಕು ಸಲ ಚರ್ಮ ಬಿಡುತ್ತದೆ. ಆ ಹೊತ್ತಿನಲ್ಲಿ ಸುಮಾರು ಒಂದು ದಿನ ಏನೂ ತಿನ್ನದೆ, ತಲೆ ಎತ್ತಿಕೊಂಡು ಅಲ್ಲಾಡದೆ ಕೂರುತ್ತದೆ. ಅದಕ್ಕೆ ನಮ್ಮ ರೈತರು "ಜ್ವರಕ್ಕೆ ಕೂತಿವೆ" ಅನ್ನುತ್ತಾರೆ. ಸೊಪ್ಪು ಹಾಕುವುದಿಲ್ಲ, ಹಾಸಿಗೆ ಒಣಗಿರಲಿ ಅಂತ ಮೇಲೆ ಸುಣ್ಣದ ಪುಡಿ ಉದುರಿಸುತ್ತಾರೆ. ಏಪ್ರಿಲ್ 18ರ ಬೆಳಿಗ್ಗೆ ಅಪ್ಪ ಒಳಗೆ ಬಂದು, "ಮೂರನೇ ಜ್ವರಕ್ಕೆ ಕೂತವೆ, ಇವತ್ತು ಸೊಪ್ಪು ಬೇಡ" ಅಂದರು. ಚಿನ್ನಿ ಹಾಲು ಕುಡಿಯುತ್ತಾ ಕೇಳಿಸಿಕೊಂಡಳು. ಲೋಟ ಕೆಳಗಿಟ್ಟಳು.

"ಉಳುಗೆ ಜ್ವಲನಾ?"

"ಹೌದು ಅಮ್ಮಣ್ಣಿ" ಅಂದರು ತಾತ.

ತಾತನ ಕೈ ಹಿಡಿದು ಹುಳು ಮನೆಗೆ ಹೋದಳು. ನಾನೂ ಹಿಂದೆ ಹೋದೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕಾಲು ತೊಳೆದುಕೊಂಡೇ ಒಳಗೆ ಹೋಗಬೇಕು, ಹೊರಗಿನ ರೋಗ ಹುಳುಗೆ ತಗುಲಬಾರದು. ಅವಳು ಅದನ್ನು ಒಂದು ದಿನವೂ ತಪ್ಪಿಸಲಿಲ್ಲ. ಒಂದು ಹುಳುವಿನ ಬೆನ್ನ ಮೇಲೆ ತೋರುಬೆರಳು ಇಟ್ಟಳು. ರೇಷ್ಮೆ ಹುಳು ಮುಟ್ಟಿದರೆ ತಣ್ಣಗಿರುತ್ತದೆ. ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡು, ನನ್ನ ಕಡೆ ತಿರುಗಿ ಹೇಳಿದಳು: "ಬಿಸಿ ಇಲ್ಲ. ಜ್ವಲ ಹೋಯ್ತು. ಸೊಪ್ಪು ಕೊಡು." ಆಮೇಲೆ ಸುಣ್ಣದ ಪುಡಿ ನೋಡಿದಳು. "ತಾತ ಪೌಡಲ್ ಹಾಕೌನೆ" ಅಂದಳು. ಇನ್ನೂ ಹತ್ತಿರ ಬಗ್ಗಿ ನೋಡಿ, ತುಂಬಾ ಬೇಜಾರಿನಲ್ಲಿ, "ಬೊಟ್ಟು ಇಡಿಲ್ಲ" ಅಂದಳು. ದಿನಾ ಸ್ನಾನ ಆದ ಮೇಲೆ ಅವಳಿಗೆ ಪೌಡರ್ ಹಾಕಿ, ಕೆನ್ನೆಗೆ ದೃಷ್ಟಿ ಬೊಟ್ಟು ಇಡುತ್ತೇವೆ. ಅರವತ್ತು ಸಾವಿರ ಹುಳುಗಳಲ್ಲಿ ಒಂದಕ್ಕೂ ಬೊಟ್ಟು ಇರಲಿಲ್ಲ. ಅಪ್ಪ ನಗಲಿಲ್ಲ. "ಸಾಯಂಕಾಲ ಇಡ್ತೀನಿ ತಾಯಿ" ಅಂದರು. ಅಪ್ಪನ ಮೇಲೆ ನನಗೆ ಅವತ್ತು ಬಂದ ಪ್ರೀತಿ ಹೇಳಲು ಆಗುವುದಿಲ್ಲ.

ನಾಲ್ಕನೇ ಜ್ವರದ ದಿನ ಒಂದು ಅವಾಂತರ ಆಯ್ತು. ಚಿನ್ನಿ ಒಬ್ಬಳೇ ಒಳಗೆ ಹೋಗಿದ್ದಳು. ಅವಳ ಜ್ವರದ ಸಿರಪ್ಪಿನ ಅಳತೆ ಮುಚ್ಚಳದಲ್ಲಿ ನೀರು ತುಂಬಿಕೊಂಡು, ಒಂದೊಂದೇ ಹುಳುವಿನ ಬಾಯಿಗೆ ಹಿಡಿಯುತ್ತಿದ್ದಳು. ಜ್ವರಕ್ಕೆ ಕೂತ ಹುಳುವಿನ ಹಾಸಿಗೆಗೆ ನೀರು ಬೀಳಲೇಬಾರದು, ತೇವ ಆದರೆ ರೋಗ ಬರುತ್ತದೆ. ಅಣ್ಣ ನೋಡಿ ಜೋರಾಗಿ ಕೂಗಿದ. ಅವಳು ಬೆಚ್ಚಿಬಿದ್ದು ಅತ್ತಳು. ಅಳುತ್ತಲೇ, "ಔಸದಿ ಕೊಡಿದೆ, ಔಸದಿ ಕೊಡಿದೆ" ಅನ್ನುತ್ತಿದ್ದಳು. ಅತ್ತಿಗೆ ಒಂದೂ ಮಾತಾಡದೆ ಒದ್ದೆಯಾದ ಜಾಗದ ಸೊಪ್ಪನ್ನು ಹುಳು ಸಮೇತ ಬೇರೆ ತೆಗೆದಿಟ್ಟು, ಸುಣ್ಣ ಹಾಕಿದರು. ನಷ್ಟ ಏನೂ ಆಗಲಿಲ್ಲ. ತಪ್ಪು ನನ್ನದೇ, ನಾನು ಅವಳನ್ನು ಒಬ್ಬಳೇ ಬಿಡಬಾರದಿತ್ತು. ಅಣ್ಣ ಸಂಜೆ ಅವಳನ್ನು ತೊಡೆ ಮೇಲೆ ಕೂರಿಸಿಕೊಂಡು, "ಹುಳು ಔಷಧಿ ಬೇರೆ ಕಂದಾ, ಬಿಳಿ ಪುಡಿ" ಅಂತ ಹೇಳಿಕೊಟ್ಟ.

ಆ "ಕೊಡಿದೆ" ಬಗ್ಗೆ ಒಂದು ಮಾತು. ಹಾಡಿದೆ, ನೋಡಿದೆ, ಓಡಿದೆ ಅಂತೆಲ್ಲ ನಾವು ಅನ್ನುತ್ತೇವಲ್ಲ, ಹಾಗಾದರೆ ಕೊಡು ಅನ್ನೋದು ಕೊಡಿದೆ ಆಗಬೇಕು. ತರು ಅನ್ನೋದು "ತರಿದೆ". ಬೀಳು ಅನ್ನೋದು "ಬೀಳಿದೆ". ಮಗು ಯಾರ ಬಾಯಿಂದಲೂ ಕೇಳದ ಪದ ಇವು. ಅವಳೇ ನಿಯಮ ಕಂಡುಹಿಡಿದು, ಅವಳೇ ಮಾಡಿದ್ದು. ಟೀಚರ್ ಆದ ನನಗೆ ತಪ್ಪು ಕಂಡ ಕೂಡಲೇ ತಿದ್ದುವ ಅಭ್ಯಾಸ. "ಕೊಡಿದೆ ಅಲ್ಲ, ಕೊಟ್ಟೆ ಅನ್ನು" ಅಂದರೆ ಅವಳು ಮಾತೇ ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದಳು. ಹೇಳಬೇಕಾಗಿದ್ದು ಅಲ್ಲೇ ಉಳಿದುಹೋಗುತ್ತಿತ್ತು. ಹಾಗಾಗಿ ತಿದ್ದುವುದನ್ನು ಬಿಟ್ಟು, ಉತ್ತರದಲ್ಲೇ ಸರಿಯಾದ ಪದ ಹೇಳಲು ಶುರು ಮಾಡಿದೆ. "ಹೌದಾ, ಔಷಧಿ ಕೊಟ್ಟೆಯಾ? ಯಾರಿಗೆ ಕೊಟ್ಟೆ?" ಅಷ್ಟೇ. ಮಾತು ಮುಂದುವರಿಯುತ್ತದೆ. ಸರಿಯಾದ ಪದವೂ ಕಿವಿಗೆ ಬೀಳುತ್ತದೆ. ರಜ ಮುಗಿಯುವ ಹೊತ್ತಿಗೆ "ತಂದೆ" ಬಂದಿತ್ತು, "ತರಿದೆ" ಹೋಗಿತ್ತು. ನೋಟ್‌ಬುಕ್ಕಿನಲ್ಲಿ ಐದು ಕಡೆ ಇದೆ, ಸದ್ಯ.

ನಾನು ಮಾಡಿದ ದೊಡ್ಡ ತಪ್ಪು ಬೇರೆ ಇದೆ. ಚಿಕ್ಕಬಳ್ಳಾಪುರದಿಂದ ನೆಂಟರು ಬಂದಿದ್ದರು. ನಾನೇ ಚಿನ್ನಿಯನ್ನು ನಡುಮನೆಗೆ ಕರೆದು, "ಹುಳುಗೆ ಏನು ಇಟ್ಟಿಲ್ಲ? ಹೇಳು, ಹೇಳು" ಅಂದೆ. ಅವಳು "ಬೊಟ್ಟು" ಅಂದಳು. ಎಲ್ಲರೂ ಜೋರಾಗಿ ನಕ್ಕರು. "ಇನ್ನೊಂದ್ಸಲ ಹೇಳು" ಅಂದರು. ಅವಳು ನನ್ನ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಮರುದಿನ ಹುಳು ಮನೆಗೆ ಹೋದಾಗ ಬೊಟ್ಟಿನ ಮಾತೇ ಎತ್ತಲಿಲ್ಲ. ಅದಾದ ಮೇಲೂ ಎತ್ತಲಿಲ್ಲ. ಅವಳಿಗೆ ಅದು ತಮಾಷೆ ಆಗಿರಲಿಲ್ಲ, ಹುಳುಗೆ ದೃಷ್ಟಿಯಾದೀತು ಅನ್ನುವ ಚಿಂತೆ ಆಗಿತ್ತು. ಅಂದಿನಿಂದ ಯಾರ ಮುಂದೆಯೂ ಹೇಳಿಸಲಿಲ್ಲ. ಮೊಬೈಲಿನಲ್ಲಿ ವಿಡಿಯೋ ಮಾಡುವುದನ್ನೂ ಬಿಟ್ಟೆ. ಮೊಬೈಲ್ ಕಂಡರೆ ಅವಳು "ನಂಗೆ ತೋರ್ಸು" ಅಂತ ಓಡಿ ಬರುತ್ತಿದ್ದಳು, ಮಾತು ಅಲ್ಲಿಗೆ ಮುಗಿಯಿತು. ಪೆನ್ಸಿಲ್ ನೋಡಿದರೆ ಅವಳಿಗೆ ಏನೂ ಅನ್ನಿಸುತ್ತಿರಲಿಲ್ಲ.

ನಡುವೆ ಒಂದು ದಿನ ನಂದಿಗೆ ಹೋಗಿ ಭೋಗನಂದೀಶ್ವರನ ದರ್ಶನ ಮಾಡಿ ಬಂದೆವು. ನಮ್ಮ ಕಡೆ ತೆಲುಗು, ಕನ್ನಡ ಒಂದೇ ಉಸಿರಿಗೆ ಬರುತ್ತವೆ. ಅಮ್ಮ ಅವಳನ್ನು ಕರೆಯುವಾಗಲೆಲ್ಲ "ಇಟ್ರಾ" ಅನ್ನುತ್ತಿದ್ದರು. ಯಾರನ್ನು ಕರೆಯಬೇಕಾದರೂ ಹಾಗೇ ಅನ್ನಬೇಕು ಅಂತ ಅವಳು ತಿಳಿದಿದ್ದಳು. ಕಲ್ಲಿನ ನಂದಿಯ ಮುಂದೆ ನಿಂತು, ಕೈಯಲ್ಲಿದ್ದ ಬಾಳೆಹಣ್ಣು ತೋರಿಸುತ್ತಾ "ಇಟ್ರಾ, ಇಟ್ರಾ" ಅಂತ ಕರೆದಳು. ಅದು ಬರಲಿಲ್ಲ. "ನಿದ್ದೆ" ಅಂದಳು, ಹಣ್ಣು ಅದರ ಮುಂದೆ ಇಟ್ಟು ಬಂದಳು. ಬಿಸಿಲು ಜಾಸ್ತಿ ಇತ್ತು, ಬೇಗ ವಾಪಸ್ ಬಂದೆವು.

ಕೊನೆಯ ಜ್ವರ ಎದ್ದ ಮೇಲೆ ಹುಳುಗಳ ಹಸಿವು ನೋಡಬೇಕು. ಒಟ್ಟು ಬೆಳೆಗೆ ಬೇಕಾದ ಸೊಪ್ಪಿನಲ್ಲಿ ಐದರಲ್ಲಿ ನಾಲ್ಕು ಪಾಲು ಆ ಒಂದು ವಾರದಲ್ಲೇ ಖಾಲಿ. ಮನೆಯವರಿಗೆ ಯಾರಿಗೂ ಸರಿಯಾಗಿ ನಿದ್ದೆ ಇಲ್ಲ. ಬಿಸಿಲಿನ ಝಳಕ್ಕೆ ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟಬೇಕು, ರಾತ್ರಿ ಎದ್ದು ಸೊಪ್ಪು ಹಾಕಬೇಕು. ಒಂದು ರಾತ್ರಿ ಅತ್ತಿಗೆ ಜೊತೆ ನಾನೂ ಸೊಪ್ಪು ಹಾಕಲು ಹೋದೆ, ಚಿನ್ನಿ ಎದ್ದು ಹಿಂದೆ ಬಂದಳು. ಸೊಪ್ಪು ಹಾಸಿ ಎರಡು ನಿಮಿಷಕ್ಕೆ ಶಬ್ದ ಶುರುವಾಯಿತು. ಹೆಂಚಿನ ಮೇಲೆ ಸಣ್ಣ ಮಳೆ ಬಿದ್ದ ಹಾಗೆ. ಚಿನ್ನಿ ಮೇಲೆ ನೋಡಿದಳು. "ಮಳೆ ಬತ್ತೈತೆ" ಅಂದವಳೇ ಹೊರಗೆ ಓಡಿದಳು. ಅಜ್ಜಿಯ ಮಂಚದ ಹತ್ತಿರ ಹೋಗಿ, "ಅಜ್ಜಿ, ಮಳೆ! ಸಂಡಿಗೆ ಒಳಗೆ ತಾ!" ಅಂತ ಎಬ್ಬಿಸಿದಳು. ಅಮ್ಮ ಅರೆನಿದ್ದೆಯಲ್ಲಿ ನಿಜವಾಗಿಯೂ ಎದ್ದು ಮೆಟ್ಟಿಲ ತನಕ ಹೋಗಿದ್ದರು. ಆಕಾಶದ ತುಂಬಾ ನಕ್ಷತ್ರ.

ಮೇ ಒಂದರ ಸುಮಾರಿಗೆ ಹುಳು ಹಣ್ಣಾದವು. ಗೂಡು ಕಟ್ಟಲು ತಯಾರಾದ ಹುಳು ಹಳದಿ ಬಣ್ಣಕ್ಕೆ ತಿರುಗಿ, ಬೆಳಕಿಗೆ ಹಿಡಿದರೆ ಹಣ್ಣಿನ ಹಾಗೇ ಕಾಣುತ್ತದೆ. "ಹಣ್ಣಾಗಿವೆ, ಆರಿಸಿ" ಅಂತ ಅಣ್ಣ ಕೂಗಿದ. ಚಿನ್ನಿ ತಟ್ಟೆ ತಂದಳು. "ನಂಗೊಂದು. ಸಿಪ್ಪೆ ತೆಗಿ." ತಿನ್ನುವ ಹಣ್ಣಲ್ಲ ಅಂತ ಎಷ್ಟು ಹೇಳಿದರೂ ತಲೆ ಅಲ್ಲಾಡಿಸುತ್ತಿದ್ದಳು. ಮಾವಿನಹಣ್ಣು ಕೊಟ್ಟ ಮೇಲೆ ಸಮಾಧಾನ. ಚಂದ್ರಂಕಿ ಅಂದರೆ ಹುಳು ಗೂಡು ಕಟ್ಟುವ ಬಿದಿರಿನ ತಟ್ಟಿ, ಅವುಗಳಿಗೆ ಹುಳು ಬಿಟ್ಟೆವು. ಆ ಹೆಸರು ಕೇಳಿದ ಮೇಲೆ ಅವಳು ಅದನ್ನು ಚಂದಮಾಮ ಅಂತಲೇ ಕರೆದಳು. "ಉಳು ಚಂದಮಾಮನಲ್ಲಿ ತಾಚಿ" ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ, ಮೇ 2, ರಾತ್ರಿ ಎಂಟು ಗಂಟೆ. ಗೂಡು ಬಿಡಿಸುವ ದಿನ ಅವಳ ಕೈಗೊಂದು ಗೂಡು ಕೊಟ್ಟೆ. ಅಲ್ಲಾಡಿಸಿದರೆ ಒಳಗೆ ಲೊಟಲೊಟ ಅನ್ನುತ್ತದೆ. ಅವಳು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದಳು, ಆಮೇಲೆ ಬೆರಳಿನಿಂದ ಮೆಲ್ಲಗೆ ಬಡಿದಳು. "ಉಳೂ, ಬಾಗ್ಲು ತೆಗಿ. ಚಿನ್ನಿ."

ಮರುದಿನ ಬೆಳಿಗ್ಗೆ ಗೂಡುಗಳನ್ನು ಚೀಲಕ್ಕೆ ತುಂಬಿ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಹೊರಡಿಸಿದರು. "ಎಲ್ಲಿಗೆ?" ಅಂದಳು. "ಮಾರ್ಕೆಟ್ಟಿಗೆ ಹೋಗ್ತವೆ" ಅಂದೆ. ಅದಕ್ಕಿಂತ ಹೆಚ್ಚು ಹೇಳಲು ನನಗೆ ಮನಸ್ಸು ಬರಲಿಲ್ಲ. ಇಡೀ ತಿಂಗಳು ಅವಳಿಗೆ ನಾವು ಹೇಳಿದ ಒಂದೇ ಮಾತು, "ಚಪ್ಪಲಿ ಇಲ್ಲದೆ ಬಿಸಿಲಿಗೆ ಹೋಗಬೇಡ, ಕಾಲು ಸುಡುತ್ತದೆ." ಟೆಂಪೋ ಹೊರಟ ಮೇಲೆ ನೋಡಿದರೆ ಅವಳು ಜಗುಲಿ ಮೇಲೆ ಒಂದು ಕಾಲಿಗೆ ಮಾತ್ರ ಚಪ್ಪಲಿ ಹಾಕಿಕೊಂಡು ನಿಂತಿದ್ದಳು. ಇನ್ನೊಂದು ಎಲ್ಲಿ ಅಂತ ಕೇಳಿದೆ. "ಉಳುಗೆ ಕೊಡಿದೆ" ಅಂದಳು.

ಸಂಜೆ ಅಣ್ಣ ಮಾರುಕಟ್ಟೆಯಿಂದ ಬಂದ. ಗೂಡು ಸುರಿಯುವಾಗ ಸಿಕ್ಕಿತು ಅಂತ ಜೇಬಿನಿಂದ ಆ ಪುಟ್ಟ ಚಪ್ಪಲಿ ತೆಗೆದ. ಅದಕ್ಕೆ ರೇಷ್ಮೆಯ ನವಿರು ಎಳೆಗಳು ಅಂಟಿಕೊಂಡಿದ್ದವು. ಚಿನ್ನಿ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಹಾಕ್ಕೊಂಡ್ವಾ ಮಾಮ?" ಅಂದಳು. ನಾನು ಪೆನ್ಸಿಲ್ ತರಲು ಎದ್ದೆ.