ನುಗ್ಗೆ ಸೊಪ್ಪಿನ ಕಷಾಯ, ಎಂಆರ್‌ಐಗೆ ಕಬ್ಬಿಣದ ನ್ಯಾನೋ ಕಣ: ನನ್ನ ಅನುಭವ

ಸೊಪ್ಪಿನ ಕಷಾಯ ನಂಬಿಕೊಂಡು ಕಾಂಟ್ರಾಸ್ಟ್ ಏಜೆಂಟ್ (ಎಂಆರ್‌ಐ ಚಿತ್ರದಲ್ಲಿ ವ್ಯತ್ಯಾಸ ಎದ್ದು ಕಾಣಲಿ ಅಂತ ದೇಹಕ್ಕೆ ಕೊಡುವ ದ್ರವ್ಯ) ಮಾಡೋಕೆ ಆಗಲ್ಲ ಅಂತ ನಮ್ಮ ವಿಭಾಗದಲ್ಲೇ ಹೇಳಿದವರು ಜಾಸ್ತಿ. ಆಗಿದೆ. 1.5 ಟೆಸ್ಲಾ ಎಂಆರ್‌ಐ ಯಂತ್ರದಲ್ಲಿ ಟಿ2 ಚಿತ್ರ (ಕಬ್ಬಿಣದ ಕಣ ಇದ್ದಲ್ಲಿ ಕಪ್ಪಾಗಿ ಕಾಣುವ ಬಗೆ) ತೆಗೆಸಿದ್ದೇನೆ. ಬರೀ ಅಗರೋಸ್ ಜೆಲ್ ಇದ್ದ ಟ್ಯೂಬು ಬೆಳ್ಳಗೆ, ಕಬ್ಬಿಣ ಹೆಚ್ಚಿದ ಹಾಗೆ ಬೂದು, ಕೊನೆಯದು ಪೂರ್ತಿ ಕಪ್ಪು. ಆರ್2, ಅಂದರೆ ಕಣಕ್ಕೆ ಹೀಗೆ ಕಪ್ಪಾಗಿಸುವ ಶಕ್ತಿ ಎಷ್ಟು ಅನ್ನುವ ಅಳತೆ, ಲೆಕ್ಕ ಹಾಕಿದರೆ ನೂರರ ಆಸುಪಾಸು ಬಂತು. 1996ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿ ಆಮೇಲೆ ಮಾರುಕಟ್ಟೆಯಿಂದ ಹೋದ ಫೆರಿಡೆಕ್ಸ್ ಅನ್ನೋ ಕಬ್ಬಿಣದ ಕಾಂಟ್ರಾಸ್ಟ್ ಏಜೆಂಟ್ ಕೂಡ ಹೆಚ್ಚುಕಡಿಮೆ ಅಲ್ಲೇ ಇತ್ತು. ಸೊಪ್ಪು ನಮ್ಮ ಹಿತ್ತಲಿನದು.

ಮೊದಲು ಎಲ್ಲರ ದಾರಿಯನ್ನೇ ಹಿಡಿದಿದ್ದೆ. ಫೆರಿಕ್ ಕ್ಲೋರೈಡ್ ಅನ್ನೋ ಕಬ್ಬಿಣದ ಉಪ್ಪಿಗೆ ಸೀದಾ ಕಷಾಯ ಸುರಿದರೆ ಕ್ಷಣದಲ್ಲಿ ಕಪ್ಪು. ಬಣ್ಣ ಬದಲಾಯ್ತು, ಕಣ ಆಯ್ತು ಅಂತ ಎಷ್ಟೋ ಜನ ಬರೆದುಬಿಡುತ್ತಾರೆ. ಅದು ಶಾಯಿ! ಸೊಪ್ಪಿನಲ್ಲಿರುವ ಒಗರಿನ ಟ್ಯಾನಿನ್‌ಗೆ ಕಬ್ಬಿಣ ಸೇರಿದರೆ ಕಪ್ಪಾಗಲೇಬೇಕು, ಅಳಲೆಕಾಯಿ ಹಾಕಿ ಬಟ್ಟೆಗೆ ಕಪ್ಪು ಬಣ್ಣ ಕಟ್ಟುವುದೂ ಇದರಿಂದಲೇ ಅಲ್ವಾ. ಆ ಕಪ್ಪಿನ ಪಕ್ಕ ಅಯಸ್ಕಾಂತ ಇಟ್ಟೆ, ಅಲ್ಲಾಡಲಿಲ್ಲ. ಎಕ್ಸ್‌ಆರ್‌ಡಿಯಲ್ಲಿ (ಎಕ್ಸ್-ರೇ ಹಾಯಿಸಿ ಹರಳಿನ ರಚನೆ ನೋಡುವ ಪರೀಕ್ಷೆ) ಒಂದು ಅಗಲವಾದ ಉಬ್ಬು, ಅಷ್ಟೇ. ಮ್ಯಾಗ್ನಟೈಟ್ (ಅಯಸ್ಕಾಂತಕ್ಕೆ ಅಂಟುವ ಕಬ್ಬಿಣದ ಆಕ್ಸೈಡ್) ಇದ್ದರೆ ಬರುವ 35.5 ಡಿಗ್ರಿಯ ಪೀಕಿನ ಸುಳಿವೇ ಇಲ್ಲ. ಹೀಗೆ ಎರಡು ಸೆಮಿಸ್ಟರಿನ ಕೆಮಿಕಲ್ ದುಡ್ಡು ಹೋಯಿತು.

ಆಮೇಲೆ ಕ್ರಮ ತಿರುಗಿಸಿದೆ. ಕಬ್ಬಿಣದ ಎರಡು ಬಗೆಯ ಉಪ್ಪು, ಫೆರಿಕ್ ಎರಡು ಪಾಲು, ಫೆರಸ್ ಒಂದು ಪಾಲು, ನೈಟ್ರೋಜನ್ ಹಾಯಿಸುತ್ತಾ 70-80 ಡಿಗ್ರಿಯಲ್ಲಿ ಅಮೋನಿಯ ಹನಿಹನಿಯಾಗಿ. ಫೆರಸ್ ಉಪ್ಪು ಹೊಸದೇ ಇರಬೇಕು, ಕಂದು ತಿರುಗಿದ ಹಳೇ ಬಾಟಲಿ ಬೇಡ. ಮ್ಯಾಗ್ನಟೈಟ್ ಕಟ್ಟಿಕೊಂಡ ಮೇಲಷ್ಟೇ ಕಷಾಯ. ಸೊಪ್ಪಿನ ಕೆಲಸ ಕಣದ ಮೇಲೆ ಹೊದಿಕೆ ಹಾಕುವುದು, ಕಣ ಹುಟ್ಟಿಸುವುದಲ್ಲ. ಕಷಾಯ ಹಾಕುವಾಗ ಬಿಸಿ ಎಷ್ಟಿರಬೇಕು, ಎಷ್ಟು ಹೊತ್ತಲ್ಲಿ ಹಾಕಬೇಕು ಅನ್ನುವುದನ್ನು ಈಗ ಹೇಳಲ್ಲ, ಪೇಪರ್ ಬರಲಿ. ಅಮೋನಿಯ ಇದ್ದ ಮೇಲೆ ಹಸಿರು ವಿಧಾನ ಹೇಗಾಯ್ತು ಅಂತ ಕೇಳಿದರು. ಹೊದಿಕೆಗೆ ಸಾಮಾನ್ಯವಾಗಿ ಹಾಕುವ ಡೆಕ್ಸ್‌ಟ್ರಾನ್ ಬೇಕಾಗಲಿಲ್ಲ, ನನಗೆ ಅಷ್ಟು ಸಾಕು.

ಸತಾಯಿಸಿದ್ದು ಉಪ್ಪು. ನೀರಲ್ಲಿ ವಾರಗಟ್ಟಲೆ ತೇಲಿಕೊಂಡಿದ್ದ ಕಣ ಪಿಬಿಎಸ್‌ಗೆ (ರಕ್ತದಷ್ಟೇ ಉಪ್ಪಿರುವ ಬಫರ್ ನೀರು) ಬಿದ್ದ ಕೂಡಲೇ ಗಂಟುಕಟ್ಟಿ ತಳ ಸೇರುತ್ತಿತ್ತು. ರಕ್ತದಲ್ಲಿ ಹಾಗಾದರೆ ಮುಗೀತು. ಚೂರು ಸಿಟ್ರೇಟ್ ಕೊಟ್ಟು ಡಯಾಲಿಸಿಸ್ ಚೀಲದಲ್ಲಿ ಎರಡು ದಿನ ಬಿಟ್ಟ ಮೇಲೆ ನಿಂತಿತು. ಕಣದ ಗಾತ್ರ ಟಿಇಎಂನಲ್ಲಿ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) 10-12 ನ್ಯಾನೋಮೀಟರ್, ನೀರಲ್ಲಿ ಹೊದಿಕೆ ಸಮೇತ ಬೆಳಕು ಹಾಯಿಸಿ ಅಳೆಯುವ ಡಿಎಲ್‌ಎಸ್‌ನಲ್ಲಿ 80ರ ಹತ್ತಿರ.

ಮಧ್ಯೆ ಸುಮ್ನೆ ದಾಸವಾಳದ ಎಲೆಯನ್ನೂ ನೋಡಿದೆ. ಲೋಳೆ ಎಷ್ಟೆಂದರೆ ಫಿಲ್ಟರ್ ಪೇಪರ್ ಮೇಲೆ ರಾತ್ರಿಯಿಡೀ ಕೂತರೂ ಅರ್ಧ ಬೀಕರ್ ಇಳಿಯಲಿಲ್ಲ. ಆದರೆ ಆ ಕಣ ಪಿಬಿಎಸ್‌ನಲ್ಲಿ ಸಿಟ್ರೇಟ್ ಇಲ್ಲದೆಯೇ ಒಂದು ದಿನ ನಿಂತಿತು! ಬಟ್ಟೆಯಲ್ಲಿ ಸೋಸಿ ಸೆಂಟ್ರಿಫ್ಯೂಜ್ ಮಾಡಿ ಮತ್ತೆ ನೋಡಬೇಕು.

ದುಡ್ಡಿನ ವಿಷಯ. ಟಿಇಎಂ ಒಂದು ಸ್ಯಾಂಪಲ್‌ಗೆ ಸುಮಾರು 3000, ಅದಕ್ಕೆ ಅಯಸ್ಕಾಂತ, ಎಕ್ಸ್‌ಆರ್‌ಡಿ, ಪಿಬಿಎಸ್ ಮೂರರಲ್ಲೂ ಪಾಸಾದದ್ದನ್ನು ಮಾತ್ರ ಕಳಿಸಿದೆ. ಕಬ್ಬಿಣ ಅಳೆಯಲು ಐಸಿಪಿ (ಲೋಹದ ಪ್ರಮಾಣ ಅಳೆಯುವ ದುಬಾರಿ ಯಂತ್ರ) ಬೇಕೇ ಬೇಕು ಅಂದರು. ಬೇಕಾಗಿಲ್ಲ. ಕಣವನ್ನು ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಕರಗಿಸಿ, ಹೈಡ್ರಾಕ್ಸಿಲಮೀನ್ ಹಾಕಿ, ಪಿಎಚ್ ಸರಿಮಾಡಿ ಫಿನಾಂತ್ರೋಲಿನ್ ಸೇರಿಸಿದರೆ ಕಿತ್ತಳೆ ಬಣ್ಣ ಬರುತ್ತೆ, ಸ್ಪೆಕ್ಟ್ರೋಫೋಟೋಮೀಟರಿನಲ್ಲಿ 510 ನ್ಯಾನೋಮೀಟರ್ ಬೆಳಕಿನಲ್ಲಿ ಓದಿದರಾಯಿತು. ಒಂದು ಬ್ಯಾಚ್ ಐಸಿಪಿಗೂ ಕಳಿಸಿ ತಾಳೆ ನೋಡಿದೆ, ಹೊಂದಿತು. ಎಂಆರ್‌ಐ ಸಮಯ ಪರಿಚಯದವರ ಡಯಾಗ್ನಾಸ್ಟಿಕ್ ಸೆಂಟರಿನಲ್ಲಿ ರಾತ್ರಿ ರೋಗಿಗಳು ಮುಗಿದ ಮೇಲೆ ಪುಕ್ಕಟೆ ಸಿಕ್ಕಿತು. ಎಲ್ಲಾ ಸೇರಿ 40 ಸಾವಿರ ದಾಟಿಲ್ಲ.

ಇಲಿಯ ಮೇಲೆ ಇನ್ನೂ ಮಾಡಿಲ್ಲ, ಎಥಿಕ್ಸ್ ಕಮಿಟಿಗೆ ಅರ್ಜಿ ಹೋಗಿದೆ. ಅಲ್ಲಿಯವರೆಗೆ ಬ್ಯಾಚ್‌ಗಳನ್ನು ಫ್ರಿಜ್ಜಿನಲ್ಲಿ 4 ಡಿಗ್ರಿಯಲ್ಲಿಟ್ಟಿದ್ದೇನೆ. ಫ್ರೀಜರ್‌ಗೆ ಮಾತ್ರ ಹಾಕಬೇಡಿ, ಹೆಪ್ಪುಗಟ್ಟಿ ಕರಗಿದರೆ ಕಣ ಗಂಟಾಗುತ್ತೆ, ಸೋನಿಕೇಟರ್ (ಶಬ್ದದ ಅಲೆಯಿಂದ ಗಂಟು ಬಿಡಿಸುವ ಯಂತ್ರ) ಹಾಕಿದರೂ ಮೊದಲಿನ ಹಾಗೆ ಬಿಡಲ್ಲ.